‘ವಿವರಿಸಲಾಯಿತು’: ದೋಷಾರೋಪದ ದಾಖಲೆಯಲ್ಲಿ ಆರೋಪಿಯ ವ್ಯಾಕರಣ

ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪಿಯು ತನ್ನ ವಾದವನ್ನು ಮಂಡಿಸುವ ಮೊದಲೇ ನ್ಯಾಯಾಲಯವು ಅವನೊಡನೆ ಒಂದು ಕಿರು ಸಂಭಾಷಣೆ ನಡೆಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 251 ಮತ್ತು 263ನೆಯ ಕಲಮುಗಳ ಪ್ರಕಾರ ದೋಷಾರೋಪವನ್ನು ಅವನಿಗೆ ಓದಿ ವಿವರಿಸಬೇಕು. ಬಳಿಕ ತಪ್ಪೊಪ್ಪಿಕೊಳ್ಳುವನೋ ವಿಚಾರಣೆ ಕೋರುವನೋ ಎಂದು ಕೇಳಬೇಕು. 1973ರ ಸಂಹಿತೆಯಿಂದ ಮುಂದುವರಿದು ಬಂದ ಈ ವಿಧಿಯ ಉದ್ದೇಶ ಆರೋಪಿಯ ರಕ್ಷಣೆ. ಆದರೆ ಅದರ ಭಾಷಿಕ ರಚನೆಯು ಆ ರಕ್ಷಣೆಯನ್ನು ಖಾತರಿಪಡಿಸುವುದಿಲ್ಲವೆಂಬುದು ನಮ್ಮ ವಾದ.

ಕಲಮಿನ ಮಾತುಗಳನ್ನು ಅನುಸರಿಸಿ ಬರೆದ ದಾಖಲೆಯ ವಾಕ್ಯ ಇದು:

(1) ದೋಷಾರೋಪವನ್ನು ಆರೋಪಿಗೆ ಓದಿ ವಿವರಿಸಲಾಯಿತು.

ಕರ್ಮಣಿ ಪ್ರಯೋಗದಲ್ಲಿ ವಿವರಿಸಿದವರು ಮರೆಯಾಗುತ್ತಾರೆ. ಯಾವ ಭಾಷೆಯಲ್ಲಿ ಎಂಬುದಕ್ಕೂ ವಾಕ್ಯದಲ್ಲಿ ಎಡೆಯಿಲ್ಲ. ಇದಕ್ಕಿಂತ ಮುಖ್ಯವಾದುದು ‘ಆರೋಪಿಗೆ’ ಎಂಬ ಚತುರ್ಥಿ. ಹೋಲಿಸಿ:

(2) ಆರೋಪಿಗೆ ದೋಷಾರೋಪ ಅರ್ಥವಾಯಿತು.

ವಿಭಕ್ತಿ ಒಂದೇ, ಪಾತ್ರ ಬೇರೆ. (1)ರಲ್ಲಿ ಆರೋಪಿ ಮಾತನ್ನು ಪಡೆಯುವವನು. (2)ರಲ್ಲಿ ಅರಿವಿನ ಅನುಭವಿ. (1) ನಿಜವಾಗಿದ್ದು (2) ಸುಳ್ಳಾಗಿರುವುದು ಸಾಧ್ಯ. ಕನ್ನಡದ ಪ್ರೇರಣಾರ್ಥಕಗಳೇ ಫಲವನ್ನು ಕಡ್ಡಾಯಗೊಳಿಸುವುದಿಲ್ಲ:

(3) ಎಷ್ಟು ಎಬ್ಬಿಸಿದರೂ ಅವನು ಏಳಲಿಲ್ಲ.
(4) ಎಷ್ಟು ತಿಳಿಸಿ ಹೇಳಿದರೂ ಅವನಿಗೆ ತಿಳಿಯಲಿಲ್ಲ.

ಇಲ್ಲಿ ‘ಎಷ್ಟು... -ಅರೂ’ ರಚನೆಯು ಯತ್ನದ ಅರ್ಥವನ್ನು ಒತ್ತುತ್ತದೆಂಬ ಆಕ್ಷೇಪ ಸಾಧುವೇ. ಆದರೂ ಫಲವನ್ನು ಧಾತುವಿನಲ್ಲೇ ಹೊತ್ತ ‘ತಿಳಿಸು’ ಕೂಡ ಅದನ್ನು ಬಿಟ್ಟುಕೊಡಬಲ್ಲುದಾದರೆ, ಹೇಳುವವನ ಕ್ರಿಯೆಯನ್ನಷ್ಟೇ ಸೂಚಿಸುವ ‘ವಿವರಿಸು’ ಆರೋಪಿಯ ಗ್ರಹಿಕೆಗೆ ಸಾಕ್ಷಿಯಾಗಲಾರದು.

ಈ ವ್ಯತ್ಯಾಸ ಕಾನೂನಿಗೆ ಅಪರಿಚಿತವಲ್ಲ. 314ನೆಯ ಕಲಮು ಆರೋಪಿಗೆ ‘ಅರ್ಥವಾಗದ’ ಭಾಷೆಯ ಸಾಕ್ಷ್ಯವನ್ನು ಅವನಿಗೆ ಅರ್ಥವಾಗುವ ಭಾಷೆಗೆ ತರಬೇಕೆನ್ನುತ್ತದೆ. ಬುದ್ಧಿವಿಕಲತೆ ಇಲ್ಲದಿದ್ದರೂ ನಡಾವಳಿಯನ್ನು ‘ಅರ್ಥಮಾಡಿಸಲಾಗದ’ ಆರೋಪಿಗೆ ಶಿಕ್ಷೆಯಾದರೆ ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ಕಳುಹಿಸಬೇಕೆಂದು 357ನೆಯ ಕಲಮು ವಿಧಿಸುತ್ತದೆ. 1962ರ ಹರಿಕಿಶನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮುನ್ನೆಚ್ಚರಿಕೆಯ ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ ತಿಳಿಸಬೇಕೆಂದಿತು. ಹೀಗೆ ಬಂಧನಕ್ಕೂ ಸಾಕ್ಷ್ಯಕ್ಕೂ ಗ್ರಹಿಕೆಯೇ ಅಳತೆ. ಇವೆರಡರ ನಡುವೆ ನಿಂತ ದೋಷಾರೋಪಕ್ಕೆ ಮಾತ್ರ ವಿವರಣೆ ಸಾಕು. 234(6)ರ ಪ್ರಕಾರ ಅದನ್ನು ಬರೆಯಬೇಕಾದುದು ನ್ಯಾಯಾಲಯದ ಭಾಷೆಯಲ್ಲಿ, ಆರೋಪಿಯ ಭಾಷೆಯಲ್ಲಲ್ಲ.

ಕನ್ನಡವೇ ನ್ಯಾಯಾಲಯದ ಭಾಷೆಯಾಗಿರುವಲ್ಲಿಯೂ ಸಮಸ್ಯೆ ತೀರದು. ತುಳು, ಬ್ಯಾರಿ, ಲಂಬಾಣಿ ಮನೆಮಾತಿನವರ ಮಾತು ಹಾಗಿರಲಿ. ಕನ್ನಡಿಗನಿಗೂ ‘ಸಮಾನ ಉದ್ದೇಶ’ ಎಂಬ ಪದಪುಂಜ ಪರಿಚಿತ ಪದಗಳದೇ. ಇನ್ನೊಬ್ಬ ಎಸಗಿದ ಕೃತ್ಯಕ್ಕೆ, ತಾನೊಬ್ಬನೇ ಎಸಗಿದಂತೆ, ತಾನೂ ಹೊಣೆಗಾರನೆಂಬ ಅದರ ಶಾಸನಾರ್ಥ ಆ ಪದಗಳಿಂದ ಹೊಮ್ಮುವುದಿಲ್ಲ. ಪರಿಚಿತ ಪದ ಇಲ್ಲಿ ಅಪರಿಚಿತ ಪದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಪ್ರಶ್ನೆಯನ್ನು ಹುಟ್ಟಿಸುವುದಿಲ್ಲ.

ಆರೋಪಿ ಸುಮ್ಮನಿದ್ದರೂ ವಿಚಾರಣೆ ನಡೆಯುತ್ತದೆ, ವಕೀಲರೂ ಇರುತ್ತಾರೆ. ಹಾನಿಯೇನು ಎಂದು ಕೇಳಬಹುದು. ಮೌನಕ್ಕೆ ಈ ರಕ್ಷಣೆ ಇದೆ, ನಿಜ. ಅರ್ಥವಾಗದೆ ಆಡಿದ ‘ಹೌದು’ ಎಂಬುದಕ್ಕೆ ಅದು ಇಲ್ಲ: ತಪ್ಪೊಪ್ಪಿಗೆಯ ಮೇಲೆಯೇ ಅಪರಾಧಿಯೆಂದು ತೀರ್ಮಾನಿಸುವ ವಿವೇಚನಾಧಿಕಾರವನ್ನು 252 ಮತ್ತು 264ನೆಯ ಕಲಮುಗಳು ನೀಡುತ್ತವೆ. ಮಾತಿನ ಕ್ರಿಯೆ ಸಫಲವಾಗಲು ಕೇಳುಗನ ಗ್ರಹಿಕೆ ಬೇಕೆಂದು ಆಸ್ಟಿನ್ ತೋರಿಸಿದ್ದಾರೆ. ‘ಒಪ್ಪುವೆಯೋ, ವಿಚಾರಣೆ ಕೋರುವೆಯೋ’ ಎಂಬ ವಿಕಲ್ಪ ಪ್ರಶ್ನೆಯು ಆ ಗ್ರಹಿಕೆಯನ್ನು ಪೂರ್ವಭಾವಿಸುತ್ತದೆ. ‘ಅರ್ಥವಾಗಲಿಲ್ಲ’ ಎಂಬುದು ಅದರ ಎರಡು ಉತ್ತರಗಳಲ್ಲಿ ಒಂದಲ್ಲ. ಮೇಲ್ಮನವಿಯ ನ್ಯಾಯಾಲಯದ ಕೈಗೆ ಬಂದು ಸೇರುವುದು (1) ಮಾತ್ರ.

ಇದಕ್ಕೆ ಹೊಸ ಶಾಸನ ಬೇಕಿಲ್ಲ. ವಿವರಿಸಿದ ಭಾಷೆ ಯಾವುದು, ವಿವರಿಸಿದವರು ಯಾರು, ತನ್ನ ಮೇಲಿನ ಆರೋಪವನ್ನು ಆರೋಪಿ ತನ್ನ ಮಾತಿನಲ್ಲಿ ಹೇಗೆ ಹೇಳಿದ ಎಂಬ ಮೂರು ಸಂಗತಿಗಳನ್ನು ದಾಖಲಿಸಿದರೆ ಸಾಕು. ಆಗ ಅವನು ಚತುರ್ಥಿಯಿಂದ ಪ್ರಥಮೆಗೆ ಬರುತ್ತಾನೆ: ‘ಆರೋಪಿಗೆ ವಿವರಿಸಲಾಯಿತು’ ಎಂಬುದರ ಜೊತೆಗೆ ‘ಆರೋಪಿಯು ಹೀಗೆ ಹೇಳಿದನು’ ಎಂಬ ವಾಕ್ಯವೂ ಉಳಿಯುತ್ತದೆ.