ಚಿಗರಿ ಬಸ್ಸು, ಜೇನಿನ ವಕಾಲತ್ತು ಮತ್ತು ಹಾರುವ ಓತಿ

ಹುಬ್ಬಳ್ಳಿಗೆ ಹೋಗಲೆಂದು ಒಂದು ಸಂಜೆ ನವನಗರದ ನಿಲ್ದಾಣದಲ್ಲಿ ನಿಂತಿದ್ದೆವು. ಜೊತೆಗೆ ನೆರೆಮನೆಯ ಹುಡುಗಿ, ನಾಲ್ಕನೆಯ ಇಯತ್ತೆಯವಳು. ಅವಳ ಕೈಯಲ್ಲಿ ಪ್ರಾಣಿಗಳ ಚಿತ್ರದ ಪುಸ್ತಕ. ತಿರುಚಿದ ಕೊಂಬು, ಕಪ್ಪು ಬೆನ್ನು, ಬಿಳಿ ಹೊಟ್ಟೆಯ ಪ್ರಾಣಿಯೊಂದರ ಕೆಳಗೆ ‘ಚಿಗರಿ’ ಎಂದು ಅಚ್ಚಾಗಿತ್ತು. “ಚಾಚಾ, ಇದನ್ನ ತಪ್ಪ ಛಾಪ್ಸ್ಯಾರ. ಚಿಗರಿ ಅಂದ್ರ ಬಸ್ಸಲ್ಲೇನ್ರಿ?” ಎಂದಳು. ಸುತ್ತ ನಿಂತವರು ನಕ್ಕರು. ನಾವೂ ನಕ್ಕೆವು. ಅಷ್ಟರಲ್ಲಿ ಚಿಗರಿ ಬಂತು, ಹತ್ತಿದೆವು.

ಮನೆಗೆ ಮರಳುವ ಹೊತ್ತಿಗೆ ಆ ನಗು ಉಳಿದಿರಲಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡತೊಡಗಿದ ಈ ಬಸ್ಸುಗಳಿಗೆ ಚಿಗರಿ ಎಂದು ಹೆಸರಿಟ್ಟವರ ಉದ್ದೇಶ ಒಳ್ಳೆಯದೇ. ಚಿಗರಿಯಷ್ಟು ವೇಗವಾಗಿ ಓಡಲಿ ಎಂಬ ಹಾರೈಕೆ. ಆದರೆ ಆ ದಾರಿಗಾಗಿ ಪಿ.ಬಿ. ರಸ್ತೆಯ ಬದಿಯ ಹಳೆಯ ಮರಗಳು ಉರುಳಿದವು. ಇತ್ತ ಮಕ್ಕಳಿಗೆ ಹೆಸರು ಉಳಿದು ಪ್ರಾಣಿ ಮರೆತುಹೋಯಿತು. ಜೀವವೊಂದು ಕಣ್ಣಿಂದ ಮರೆಯಾದ ಮೇಲೂ ಅದರ ಹೆಸರು ಭಾಷೆಯಲ್ಲಿ ಓಡಾಡಿಕೊಂಡಿರಬಲ್ಲದು. ಹಾಗಿದ್ದರೆ ಭಾಷೆಯನ್ನೇ ನಂಬಿ ಬದುಕುವ ನಮ್ಮಂಥ ಕತೆಗಾರರು ಮಾಡಬೇಕಾದುದೇನು? ಈ ಪ್ರಶ್ನೆ ಇಟ್ಟುಕೊಂಡು ನಮ್ಮ ಕಪಾಟಿನ ಎರಡು ಪುಸ್ತಕಗಳನ್ನು ಮತ್ತೆ ತೆಗೆದೆವು. ಒಂದು ಉರ್ದುವಿನಲ್ಲಿ ಓದಿದ್ದು, ಇನ್ನೊಂದು ಕನ್ನಡದ್ದು.

ಮೊದಲನೆಯದು ‘ಇಖ್ವಾನುಸ್ಸಫಾ’. ಹತ್ತನೆಯ ಶತಮಾನದ ಬಸ್ರಾದಲ್ಲಿ ಈ ಹೆಸರಿನ ವಿದ್ವಾಂಸರ ಬಳಗವೊಂದಿತ್ತು. ಅವರು ಅರಬಿಯಲ್ಲಿ ಬರೆದ ಪ್ರಬಂಧಮಾಲೆಯಲ್ಲಿ ಪ್ರಾಣಿಗಳು ಮನುಷ್ಯನ ಮೇಲೆ ದಾವೆ ಹೂಡುವ ಕತೆಯೊಂದಿದೆ. 1810ರ ಸುಮಾರಿಗೆ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗಾಗಿ ಮೌಲವಿ ಇಕ್ರಾಮ್ ಅಲಿ ಅದನ್ನು ಉರ್ದುವಿಗೆ ತಂದರು. ಮನುಷ್ಯರು ದ್ವೀಪವೊಂದಕ್ಕೆ ಬಂದು ಅಲ್ಲಿಯ ಪ್ರಾಣಿಗಳನ್ನು ಹಿಡಿದು ದುಡಿಸತೊಡಗುತ್ತಾರೆ. ಪ್ರಾಣಿಗಳು ಜಿನ್ನ್‌ಗಳ ರಾಜನ ಬಳಿ ದೂರು ಒಯ್ಯುತ್ತವೆ. ನಾವೇ ಶ್ರೇಷ್ಠರು, ಇವು ನಮ್ಮ ಗುಲಾಮರು ಎಂಬ ಮನುಷ್ಯರ ವಾದಕ್ಕೆ ಪ್ರಾಣಿಗಳ ಪ್ರತಿನಿಧಿಗಳು ಒಬ್ಬೊಬ್ಬರಾಗಿ ಉತ್ತರ ಕೊಡುತ್ತಾರೆ. ಹುಳಹುಪ್ಪಡಿಗಳ ಪರವಾಗಿ ಎದ್ದು ನಿಲ್ಲುವವನು ಜೇನುಗಳ ರಾಜ. ಕೊನೆಗೆ ತೀರ್ಪು ಮನುಷ್ಯನ ಕಡೆಗೇ ವಾಲುತ್ತದೆ. ಆದರೆ ಅದಕ್ಕೆ ಆಧಾರ ಅವನ ಬಲವಾಗಲಿ ಬುದ್ಧಿಯಾಗಲಿ ಅಲ್ಲ, ಪರಲೋಕ. ಅಂದರೆ ಅವನು ಲೆಕ್ಕ ಒಪ್ಪಿಸಬೇಕಾದವನು.

ಸಾವಿರ ವರ್ಷದ ಹಿಂದೆ ಮೂಕಪ್ರಾಣಿಗೆ ಕಟಕಟೆಯಲ್ಲಿ ನಿಂತು ಮಾತಾಡುವ ಹಕ್ಕು ಕೊಟ್ಟ ಈ ಕತೆಯ ದೊಡ್ಡತನವನ್ನು ಒಪ್ಪಲೇಬೇಕು. ಆದರೂ ಈ ಸಲ ಓದುವಾಗ ಒಂದು ಕೊರತೆ ಕಂಡಿತು. ಆ ದರ್ಬಾರಿನಲ್ಲಿ ಗೆಲ್ಲಬೇಕಾದರೆ ಮಾತು ಬೇಕು. ಪ್ರತಿನಿಧಿಗಳೆಲ್ಲ ಸೊಗಸಾದ ಮಾತುಗಾರರು. ಹುಲ್ಲಿಗೆ, ಮರಕ್ಕೆ ಅಲ್ಲಿ ವಕೀಲರಿಲ್ಲ. ಜೇನಿನ ರಾಜ ಬಂದ, ಆದರೆ ಜೇನಿಗೆ ಮಕರಂದ ಕೊಡುವ ಹೂವು ಬರಲಿಲ್ಲ.

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ಕಾದಂಬರಿಯನ್ನು ಓದದ ಕನ್ನಡಿಗರು ಕಡಿಮೆ. ಇಲ್ಲಿ ಯಾವ ಪ್ರಾಣಿಯೂ ಮಾತಾಡುವುದಿಲ್ಲ. ಹಾರುವ ಓತಿ ತನ್ನ ಪರವಾಗಿ ಒಂದು ಮಾತೂ ಆಡದೆ ಕೊನೆಗೆ ಕಣಿವೆಯತ್ತ ತೇಲಿ ಹೋಗುತ್ತದೆ. ಈ ಕೃತಿಯನ್ನು ಓತಿಯ ಹುಡುಕಾಟದ ಸಾಹಸ ಕತೆಯೆಂದು, ಇಲ್ಲವೇ ವಿಕಾಸವಾದದ ದರ್ಶನವೆಂದು ಓದುವುದು ರೂಢಿ. ಎರಡೂ ತಪ್ಪಲ್ಲ. ಆದರೆ ಓತಿ ಕಂಡದ್ದಾದರೂ ಹೇಗೆ ಎಂದು ಕೇಳಿ ನೋಡಿ. ಜೇನಿನಿಂದಾಗಿ ನಿರೂಪಕನಿಗೆ ಮಂದಣ್ಣನ ಪರಿಚಯ. ಊರವರ ಕಣ್ಣಲ್ಲಿ ಕೆಲಸಕ್ಕೆ ಬಾರದ, ಕಳ್ಳಭಟ್ಟಿ ಕೇಸಿನಲ್ಲಿ ಸಿಕ್ಕಿಬೀಳುವ ಆ ಮಂದಣ್ಣನಲ್ಲಿ ಒಬ್ಬ ಸಹಜ ಪ್ರಕೃತಿತಜ್ಞನನ್ನು ಗುರುತಿಸುವವನು ವಿಜ್ಞಾನಿ ಕರ್ವಾಲೊ. ಜೇನನ್ನು ತೆಗೆದುಬಿಡಿ, ಮಂದಣ್ಣ ಇಲ್ಲ. ಮಂದಣ್ಣನನ್ನು ತೆಗೆದುಬಿಡಿ, ಓತಿ ಇಲ್ಲ. ಯಾವುದು ಮುಖ್ಯ, ಯಾವುದು ನಿಷ್ಪ್ರಯೋಜಕ ಎಂದು ಮೊದಲೇ ತೀರ್ಮಾನಿಸಿದವನಿಗೆ ಈ ಕಾದಂಬರಿಯಲ್ಲಿ ಏನೂ ಕಾಣಿಸುವುದಿಲ್ಲ. ಜೀವಜಾಲ ಕೆಲಸ ಮಾಡುವ ಕ್ರಮವನ್ನೇ ತೇಜಸ್ವಿಯವರು ಕತೆಯ ಕಟ್ಟಡವಾಗಿಸಿದ್ದಾರೆ. ಅದನ್ನು ಎಲ್ಲಿಯೂ ಉಪದೇಶವಾಗಿ ಹೇಳಿಲ್ಲ. ಇದು ನಮ್ಮ ಮಟ್ಟಿಗೆ ಆ ಕೃತಿಯ ನಿಜವಾದ ಸಾಧನೆ.

ಜೀವಜಾಲವೆಂದರೇನು ಎಂದು ಬಯಲುಸೀಮೆಯ ಓದುಗರು ಕೇಳಿದರೆ ಮಲೆನಾಡಿನವರೆಗೆ ಹೋಗಬೇಕಾಗಿಲ್ಲ. ನಮ್ಮ ನಾನಾ ಅವರ ಎರೆಹೊಲದಲ್ಲಿ ಹಿಂಗಾರಿ ಜೋಳದ ಜೊತೆ ಕಡಲೆ ಇರುತ್ತಿತ್ತು, ಅಂಚಿಗೆ ಕುಸುಬಿ ಇರುತ್ತಿತ್ತು. ಕುಸುಬಿಯ ಮುಳ್ಳಿಗೆ ಹೆದರಿ ದನ ಒಳಗೆ ಬಾರದು, ಅದರ ಹೂವಿಗೆ ಜೇನು ಬಾರದೆ ಇರದು. ಕಡಲೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಒಂದು ಬೆಳೆಗೆ ರೋಗ ಬಿದ್ದರೆ ಇನ್ನೊಂದು ಮನೆ ನಡೆಸುತ್ತದೆ. “ಒಂದ ಬೆಳಿ ನಂಬಿದಾವ ಒಂದ ಮಳಿಗೆ ಸಾಯ್ತಾನ” ಎನ್ನುತ್ತಿದ್ದರು ನಾನಾ. ಜೀವವೈವಿಧ್ಯ ಎಂಬ ದೊಡ್ಡ ಮಾತು ಅವರಿಗೆ ಗೊತ್ತಿರಲಿಲ್ಲ.

ಕೊಂಡಿಯೊಂದು ಕಳಚಿದರೆ ಏನಾದೀತು ಎಂಬುದನ್ನೂ ನಮ್ಮ ದೇಶ ಕಂಡಿದೆ. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಸಾಯತೊಡಗಿದವು. ಕೆಲವೇ ವರ್ಷಗಳಲ್ಲಿ ಮೂರು ಜಾತಿಯ ಹದ್ದುಗಳ ಸಂಖ್ಯೆ ನೂರಕ್ಕೆ 95ಕ್ಕಿಂತ ಹೆಚ್ಚು ಕುಸಿಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ಬಹಳ ತಡವಾಗಿತ್ತು. ನಮ್ಮ ಕತೆಗಳಲ್ಲಿ ಹದ್ದು ಎಂದರೆ ಅಪಶಕುನ. ಅದು ಊರಿನ ಹೊಲಸು ತೆಗೆಯುವ ಕೆಲಸಗಾರ ಎಂದು ನಮ್ಮಲ್ಲಿ ಎಷ್ಟು ಜನ ಬರೆದಿದ್ದೇವೆ?

ಇಖ್ವಾನುಸ್ಸಫಾದ ಕಟಕಟೆಯಲ್ಲಿ ಹುಲ್ಲಿಗೆ ವಕೀಲರಿರಲಿಲ್ಲ ಎಂದೆವು. ನಮ್ಮ ಸೀಮೆಯಲ್ಲಿ ಒಮ್ಮೆ ಹುಲ್ಲಿಗೂ ವಕೀಲರು ಸಿಕ್ಕಿದ್ದರು. 1984ರಲ್ಲಿ ರಾಜ್ಯ ಸರ್ಕಾರವು ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಕಟ್ಟಿತು. ನೀಲಗಿರಿಯಂಥ ಮರ ಬೆಳೆಸಲು ಸುಮಾರು 30 ಸಾವಿರ ಹೆಕ್ಟೇರ್ ಭೂಮಿ ಕೊಡುವ ಯೋಜನೆ ಅದು. ಕಡತದ ಪ್ರಕಾರ ಆ ಭೂಮಿ ಪಾಳು. ಹಳ್ಳಿಯವರಿಗೆ ಮಾತ್ರ ಅದೇ ಗೋಮಾಳ, ಅದೇ ಉರುವಲು, ಅದೇ ಔಷಧಿಯ ಅಂಗಡಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಕಾದಂಬರಿಕಾರ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ಹಚ್ಚಿದರು. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಲು ತೀರ್ಮಾನಿಸಬೇಕಾಯಿತು.

ನೀಲಗಿರಿಯೂ ಮರವೇ ಅಲ್ಲವೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಹೌದು, ಅದರ ಹೂವಿಗೆ ಜೇನೂ ಬರುತ್ತದೆ. ಆದರೆ ಜೇನಿಗೆ ಹೂವು ಬೇಕಾದದ್ದು ವರ್ಷದುದ್ದಕ್ಕೂ. ಒಂದೇ ಜಾತಿಯ ತೋಪಿನಲ್ಲಿ ಹೂವಿನ ಕಾಲ ಮುಗಿದ ಮೇಲೆ ಉಪವಾಸ. ಅದರ ಎಲೆಯನ್ನು ದನ ಮುಟ್ಟುವುದಿಲ್ಲ, ನೆರಳಿನಲ್ಲಿ ಮೊದಲಿನ ಹುಲ್ಲು ಬೆಳೆಯುವುದಿಲ್ಲ. ಹುಲ್ಲು ಹೋದರೆ ಚಿಗರಿ ಹೋಯಿತು, ಚಿಗರಿಯ ಬೆನ್ನು ಹತ್ತುವ ತೋಳ ಹೋಯಿತು. ಚಿಗರಿ ದಟ್ಟಕಾಡಿನ ಪ್ರಾಣಿಯಲ್ಲ, ಬಯಲಿನದು. ಅದಕ್ಕೆಂದೇ ರಾಣೆಬೆನ್ನೂರಿನ ಬಳಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಿಸಲಾಯಿತು. ಅದರೊಳಗೂ ನೀಲಗಿರಿ ತೋಪು ಬೆಳೆಸಲಾಗಿದೆ! ಕಡಿದ ಮರಕ್ಕೆ ಬದಲು ಇಷ್ಟು ಸಸಿ ನೆಟ್ಟಿದ್ದೇವೆ ಎಂದು ನಗರಗಳಲ್ಲಿ ಲೆಕ್ಕ ಕೊಡುವಾಗಲೂ ಇದೇ ತಪ್ಪು ನಡೆಯುತ್ತದೆ. ಎಷ್ಟು ಎಂದು ಕೇಳುತ್ತೇವೆ, ಯಾವುದು, ಯಾರಿಗಾಗಿ, ಯಾವುದರ ಜೊತೆ ಎಂದು ಕೇಳುವುದಿಲ್ಲ.

ಈ ದೂರು ನಮ್ಮ ಸಾಹಿತ್ಯಕ್ಕೂ ಸಲ್ಲುತ್ತದೆ. ನಮ್ಮ ಕತೆಗಳನ್ನೇ ತಿರುಗಿ ನೋಡಿದೆವು. ಅಂಗಳದಲ್ಲೊಂದು ಬೇವಿನ ಮರ, ಅದು ತೀರಿಹೋದ ಅಮ್ಮನ ನೆನಪಿಗೆ. ಮಸೀದಿಯ ಗುಂಬಜಿನ ಮೇಲೆ ಪಾರಿವಾಳ, ಅದು ಶಾಂತಿಗೆ. ಊರ ಹೊರಗೆ ಹುಣಸೆ, ಅದು ದೆವ್ವಕ್ಕೆ. ಎಲ್ಲವೂ ಮನುಷ್ಯನ ದುಃಖಸುಖಕ್ಕೆ ದುಡಿಯುವ ಗುಲಾಮರು. ಆ ಬೇವಿಗೆ ಯಾವ ಹಕ್ಕಿ ಬಂತು, ಹಣ್ಣು ತಿಂದು ಬೀಜವನ್ನು ಎಲ್ಲಿ ಬೀಳಿಸಿತು ಎಂದು ನಾವು ಒಮ್ಮೆಯೂ ಬರೆದಿಲ್ಲ. ನೀಲಗಿರಿ ತೋಪಿನ ಹಾಗೆ ಒಂದೇ ಉಪಯೋಗಕ್ಕೆ ಬೆಳೆಸಿದ ಪ್ರಕೃತಿ ನಮ್ಮದು. ಮುಸ್ಲಿಂ ಬದುಕಿನ ಕತೆ ಬರೆಯುತ್ತಿದ್ದೇವೆ, ಓಣಿಯೊಳಗಿನ ನೋವೇ ಹೇಳಿ ಮುಗಿಯದಷ್ಟಿದೆ ಎಂದು ಸಮಜಾಯಿಷಿ ಕೊಡಬಹುದು. ಆದರೆ ಬಾವಿ ಬತ್ತಿದರೆ ಓಣಿಯೂ ಉಳಿಯದು.

ಹಾಗೆಂದು ‘ಕರ್ವಾಲೊ’ಗೆ ಪ್ರಶ್ನೆಗಳಿಲ್ಲವೆಂದಲ್ಲ. ಅಲ್ಲಿ ಓತಿಯ ಬೆನ್ನು ಹತ್ತುವವರೆಲ್ಲ ಗಂಡಸರು. ಯಾವ ಸೊಪ್ಪು ಯಾವ ಮಳೆಗೆ ಚಿಗುರುತ್ತದೆ, ಯಾವುದನ್ನು ಬಾಣಂತಿಗೆ ಕೊಡಬೇಕು ಎಂದು ಬಲ್ಲ ಹೆಣ್ಣಿನ ಅರಿವಿಗೆ ಆ ಕಾಡಿನ ಪಯಣದಲ್ಲಿ ಜಾಗವಿಲ್ಲ. ಆ ಪುಟವನ್ನು ಇನ್ನು ಯಾರಾದರೂ ಬರೆಯಬೇಕು. ನಮ್ಮ ಅಕ್ಕತಂಗಿಯರು ಬರೆದರೆ ಇನ್ನೂ ಚೆನ್ನ.

ಎರಡು ಪುಸ್ತಕಗಳನ್ನು ಮುಚ್ಚಿಟ್ಟಾಗ ಉಳಿದದ್ದು ಇಷ್ಟು. ಬಸ್ರಾದ ಹಿರಿಯರು ಮನುಷ್ಯ ಲೆಕ್ಕ ಒಪ್ಪಿಸಬೇಕಾದವನು ಎಂದರು. ಆ ಲೆಕ್ಕದಲ್ಲಿ ಏನೇನು ಬರುತ್ತದೆ ಎಂದು ಮೂಡಿಗೆರೆಯ ತೇಜಸ್ವಿ ತೋರಿಸಿದರು. ಜೇನು, ಹುಲ್ಲು, ಊರವರು ಕೈಬಿಟ್ಟ ಮಂದಣ್ಣ, ಎಲ್ಲವೂ ಬರುತ್ತವೆ.

ಮರುದಿನ ಆ ಹುಡುಗಿಯನ್ನು ಕರೆದು, ಪುಸ್ತಕದಲ್ಲಿ ತಪ್ಪಿಲ್ಲ, ಚಿಗರಿ ಎಂಬ ಪ್ರಾಣಿ ನಿಜವಾಗಿಯೂ ಇದೆ, ರಜೆಯಲ್ಲಿ ರಾಣೆಬೆನ್ನೂರಿಗೆ ಹೋಗಿ ನೋಡೋಣ ಎಂದೆವು. ಅವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ನಾವು ಹೋಗೋತನಕ ಅಲ್ಲೇ ಇರ್ತಾವೇನ್ರಿ ಚಾಚಾ?”