ಕಳ್ಳ ಕಾಶಿಗೆ ಹೋದ

ಭಾನುವಾರ ಬಂತೆಂದರೆ ನನ್ನ ಮಗ ಸ್ನೇಹಿತರನ್ನು ಸೇರಿಸಿಕೊಂಡು ನಮ್ಮ ಹಜಾರದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾನೆ. ಪಗಡೆಯ ಹಾಗೆ ದಾಳ ಉರುಳುತ್ತದೆ, ಆದರೆ ಹಾಸಿಲ್ಲ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ. ಅವರಿಗೆ ಅವಲಕ್ಕಿ ಕೊಡುತ್ತಾ ಕೊಡುತ್ತಾ ನಾನೂ ಆ ಕಥೆಪುಸ್ತಕಗಳಿಗೆ ಅಂಟಿಕೊಂಡೆ.

ಕಥೆ ನಡೆಯುವ ಲೋಕಕ್ಕೆ ‘ಫರ್ಗಾಟನ್ ರೆಲ್ಮ್ಸ್’ ಎಂದು ಹೆಸರು. ಕೆನಡಾದ ಎಡ್ ಗ್ರೀನ್‌ವುಡ್ ಹುಡುಗನಾಗಿದ್ದಾಗಲೇ ಕಟ್ಟತೊಡಗಿದ ಲೋಕ ಇದು. ಅಮೆರಿಕದ ಟಿಎಸ್‌ಆರ್ ಕಂಪನಿ 1987ರಲ್ಲಿ ಅದನ್ನು ಆಟದ ಪೆಟ್ಟಿಗೆಯಾಗಿ ಹೊರತಂದಿತು. ಎರಡೇ ವರ್ಷಕ್ಕೆ, 1989ರಲ್ಲಿ, ಆಟದ ನಿಯಮಗಳು ಬದಲಾದವು. ಹೊಸ ಪುಸ್ತಕದಲ್ಲಿ ‘ಅಸ್ಯಾಸಿನ್’, ಅಂದರೆ ಗುಟ್ಟಾಗಿ ಕೊಲ್ಲುವವರ ಪಾತ್ರವರ್ಗವೇ ಇಲ್ಲ! ಆಟ ಮಕ್ಕಳನ್ನು ಕೆಡಿಸುತ್ತದೆಂದು ಅಲ್ಲಿನ ಹೆತ್ತವರು ದೂರುತ್ತಿದ್ದ ಕಾಲ ಅದು. ಮುಂದೆ ದೆವ್ವಗಳಿಗೂ ಬೇರೆ ಹೆಸರಿಟ್ಟರು.

ನಿಯಮ ಹೋಯಿತು ಸರಿ, ಕಥೆಯೊಳಗಿದ್ದ ಕೊಲೆಗಾರರು ಎಲ್ಲಿ ಹೋಗಬೇಕು? ಅದೇ ವರ್ಷದ ‘ಅವತಾರ್’ ಕಾದಂಬರಿಗಳಲ್ಲಿ ದೇವತೆಗಳೆಲ್ಲ ಭೂಮಿಗೆ ತಳ್ಳಲ್ಪಡುತ್ತಾರೆ. ಬೇನ್ ಎಂಬ ಕ್ರೂರ ದೇವತೆ ತನ್ನ ಬಲಕ್ಕಾಗಿ ಕೊಲೆಗಾರರೆಲ್ಲರ ಪ್ರಾಣವನ್ನು ಒಟ್ಟಿಗೆ ಹೀರಿಬಿಡುತ್ತಾನೆ. ಕಚೇರಿಯಲ್ಲಿ ಆದ ತೀರ್ಮಾನ, ಹೊಣೆ ದೇವರ ತಲೆಗೆ!

ಆದರೆ ಅದೇ ಕಥೆಯಲ್ಲಿ ಮಿಡ್‌ನೈಟ್ ಎಂಬ ಮಂತ್ರಗಾತಿಯೂ ಇದ್ದಾಳೆ. ಅಲೆದು, ನೊಂದು, ಕಳೆದುಕೊಂಡು, ಕೊನೆಗೆ ಮಂತ್ರವಿದ್ಯೆಯ ದೇವತೆ ಮಿಸ್ಟ್ರಾಳ ಸ್ಥಾನಕ್ಕೆ ಏರುತ್ತಾಳೆ. ಆ ಬದಲಾವಣೆಯನ್ನು ಕಥೆ ದುಡಿದು ಸಂಪಾದಿಸಿದೆ. ಕೊಲೆಗಾರರ ಸಾವು ಹಾಗಲ್ಲ, ಬರೀ ಲೆಕ್ಕ ಸರಿಮಾಡಿದ್ದು. 2008ರಲ್ಲಿ ಮತ್ತೆ ಹೊಸ ನಿಯಮ ಬಂದಾಗ ಈ ಮಿಸ್ಟ್ರಾಳನ್ನೂ ಕೊಲ್ಲಿಸಿ, ಕಥೆಯನ್ನು ಸುಮಾರು ನೂರು ವರ್ಷ ಮುಂದಕ್ಕೆ ಹಾರಿಸಿದರು. ಓದುಗರಿಗೆ ಪರಿಚಯವಿದ್ದ ಎಷ್ಟೋ ಮಂದಿ ಪುಟ ತಿರುಗಿಸುವಷ್ಟರಲ್ಲಿ ಗೋರಿ ಸೇರಿದ್ದರು. 2014ರ ಆವೃತ್ತಿಯ ಹೊತ್ತಿಗೆ ಆಕೆಯನ್ನು ವಾಪಸು ಕರೆತಂದರು. ಸತ್ತವರನ್ನು ಬೇಕಾದಾಗ ಎಬ್ಬಿಸಬಹುದಾದರೆ, ಅಳುವವರಿಗೇನು ಬೆಲೆ?

ಇಷ್ಟು ಹೇಳುವ ಹಕ್ಕು ನನಗಿದೆಯೇ? ಒಮ್ಮೆ ಶಾಲಾ ವಾರ್ಷಿಕೋತ್ಸವಕ್ಕೆ ನಾನು ಬರೆದ ನಾಟಕದಲ್ಲಿ ಒಬ್ಬ ಕಳ್ಳನಿದ್ದ. ಹೆಣ್ಣುಮಕ್ಕಳಿಗೆ ಕಳ್ಳತನ ಕಲಿಸುತ್ತೀರಾ ಎಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಹಿಂದಿನ ದಿನ ನಾನು ಮರುಮಾತಾಡದೆ ಪಾತ್ರ ತೆಗೆದು, ‘ಕಳ್ಳ ಕಾಶಿಗೆ ಹೋದ’ ಎಂದು ಒಂದು ಮಾತು ಸೇರಿಸಿದೆ. ಸಭಿಕರು ನಕ್ಕರು, ನನ್ನ ಜಾಣತನಕ್ಕೆ ನಾನೂ ಬೀಗಿದೆ. ತಿಂಗಳಿಡೀ ಅಭ್ಯಾಸ ಮಾಡಿದ್ದ ಹುಡುಗಿಗೆ ಮಾತ್ರ ‘ಕಥೆ ಬದಲಾಯಿತಮ್ಮ’ ಎಂದಿದ್ದೆ. ಅವಳು ಇದ್ದಿಲ ಮೀಸೆ ಬರೆದುಕೊಂಡೇ ಬಂದು ಪರದೆಯ ಪಕ್ಕ ನಿಂತಿದ್ದಳು. ಕರೆಯಬಹುದೆಂದು ಕಾದಿದ್ದಳೋ ಏನೋ.

ಕಥೆ ಬದಲಾಗಿರಲಿಲ್ಲ. ನಾನು ಹೆದರಿದ್ದೆ. ಅಷ್ಟನ್ನು ಅವಳಿಗೆ ಹೇಳಬಹುದಿತ್ತು.

ಮಗನ ಆಟದಲ್ಲಿ ಒಂದು ಸೌಕರ್ಯವಿದೆ. ಪುಸ್ತಕ ಕೊಂದವರನ್ನು ಕಥೆ ಹೇಳುವವನು ತನ್ನ ಮೇಜಿನ ಮೇಲೆ ಬದುಕಿಸಿಕೊಳ್ಳಬಹುದು. ನನ್ನ ಕಳ್ಳ ಮಾತ್ರ ಇನ್ನೂ ಕಾಶಿಯಿಂದ ಬಂದಿಲ್ಲ.