ದೃಶ್ಯಸ್ಮೃತಿಯೂ ಶಾಸನಪಾಠವೂ: ಒಂದು ವಿಮರ್ಶೆ

ಶಾಸನಗಳ ಹಳೆಯ ಪ್ರತಿಗಳಲ್ಲಿ ಪಾಠದೋಷ ಕಂಡುಬಂದಾಗ ಅದನ್ನು ಪ್ರತಿಕಾರನ ಅಜ್ಞಾನದ ಅಥವಾ ಅಲಕ್ಷ್ಯದ ಫಲವೆಂದು ತೀರ್ಮಾನಿಸುವುದು ವಾಡಿಕೆಯಾಗಿದೆ. ಈ ತೀರ್ಮಾನವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಮಿದುಳಿನ ಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಲ್ಲನ್ನು ನೋಡಿ ಕಾಗದದಲ್ಲಿ ಬರೆಯುವವನು, ದೃಷ್ಟಿಯನ್ನು ಕಲ್ಲಿನಿಂದ ಲೇಖನಿಗೆ ತಿರುಗಿಸುವ ಕೆಲವು ಕ್ಷಣಗಳ ಕಾಲ ಅಕ್ಷರರೂಪವನ್ನು ಮನಸ್ಸಿನಲ್ಲಿ ಧರಿಸಿರಬೇಕಾಗುತ್ತದೆ. ಇದೇ ಅಲ್ಪಕಾಲಿಕ ದೃಶ್ಯಸ್ಮೃತಿ. ಇದರ ಅಳವು ಬಹು ಕಿರಿದು. ಸರಳ ಆಕೃತಿಗಳಲ್ಲಿಯೂ ಏಕಕಾಲಕ್ಕೆ ಸುಮಾರು ನಾಲ್ಕು ಮಾತ್ರ ಉಳಿಯುವುವೆಂದು ೧೯೯೭ರಲ್ಲಿ ಲಕ್ ಮತ್ತು ವೋಗೆಲ್ ಎಂಬವರು ತೋರಿಸಿದರು.

ಹಣೆಯ ಹಿಂದಿರುವ ಮಿದುಳಿನ ಹೊರಪದರ, ಎಂದರೆ ಪ್ರಿಫ್ರಂಟಲ್ ಕಾರ್ಟೆಕ್ಸ್, ಈ ಸ್ಮೃತಿಯ ಉಗ್ರಾಣವೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅದಕ್ಕೆ ಆಧಾರವಿಲ್ಲದಿರಲಿಲ್ಲ. ಎರಡು ಬಟ್ಟಲುಗಳಲ್ಲಿ ಒಂದರ ಕೆಳಗೆ ತಿನಿಸನ್ನು ಅಡಗಿಸಿ, ನಡುವೆ ತೆರೆಯನ್ನಿಳಿಸಿ, ಕೆಲವು ಕ್ಷಣಗಳ ಬಳಿಕ ಆರಿಸಿಕೊಳ್ಳಲು ಬಿಟ್ಟರೆ, ಈ ಭಾಗವನ್ನು ಕಳೆದುಕೊಂಡ ಮಂಗಗಳು ಸೋಲುವುದನ್ನು ಜೇಕಬ್‌ಸನ್ ೧೯೩೬ರಲ್ಲಿ ವರದಿಮಾಡಿದನು. ೧೯೭೧ರಲ್ಲಿ ಫುಸ್ಟರ್ ಮತ್ತು ಅಲೆಗ್ಸಾಂಡರ್ ಎಂಬವರು, ಮಂಗವು ಕಾಯುವ ಅವಧಿಯಲ್ಲಿ ಇಲ್ಲಿನ ನರಕೋಶಗಳು ಚುರುಕಾಗಿರುವುದನ್ನು ಕಂಡರು. ಆದರೆ ೧೯೪೨ರಷ್ಟು ಹಿಂದೆಯೇ ಮಾಲ್ಮೊ ಬೇರೊಂದು ಸಂಗತಿಯನ್ನು ಹೊರಗೆಡಹಿದ್ದನು: ಕಾಯುವ ಹೊತ್ತಿನಲ್ಲಿ ದೀಪವನ್ನಾರಿಸಿದರೆ ಅಂತಹ ಮಂಗಗಳೂ ಎಷ್ಟೋ ಮಟ್ಟಿಗೆ ಗೆಲ್ಲುತ್ತಿದ್ದುವು. ನೆನಪು ಅಳಿದಿರಲಿಲ್ಲ, ಅನ್ಯ ದೃಶ್ಯಗಳಿಂದ ಅದನ್ನು ಕಾಪಾಡುವ ಶಕ್ತಿ ಕುಂದಿತ್ತು. ಕಂಡ ಗೆರೆಯ ಓರೆಯು ನೆನಪಿನ ಅವಧಿಯಲ್ಲಿ ಮಿದುಳಿನ ಹಿಂಭಾಗದ ದೃಷ್ಟಿಕ್ಷೇತ್ರದಲ್ಲಿಯೂ ಉಳಿದಿರುವುದನ್ನು ೨೦೦೯ರಲ್ಲಿ ಹ್ಯಾರಿಸನ್ ಮತ್ತು ಟಾಂಗ್ ತೋರಿಸಿದರು. ಆದುದರಿಂದ ಮುಂಭಾಗವನ್ನು ಉಗ್ರಾಣವೆನ್ನುವುದಕ್ಕಿಂತ ಉಗ್ರಾಣದ ಪಾರುಪತ್ತೆಗಾರನೆನ್ನುವುದು ಹೆಚ್ಚು ಸಮಂಜಸ.

ಇತಿಹಾಸಕಾರನಿಗೆ ಇದರಿಂದೇನು? ಮಳವಳ್ಳಿ ತಾಲ್ಲೂಕಿನ ಶಾಸನಗಳು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ೧೮೯೪ರಲ್ಲಿ ಅಚ್ಚಾದುವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯ ಏಳನೆಯ ಸಂಪುಟದಲ್ಲಿ ೧೯೭೯ರಲ್ಲಿ ಮತ್ತೆ ಪ್ರಕಟವಾದುವು. ಬಿಸಿಲು, ಸವೆದ ಕಲ್ಲು, ಸುತ್ತಲಿನ ಜನರ ಮಾತು, ಇವುಗಳ ನಡುವೆ ಕಣ್ಣಳತೆಯಿಂದ ಪ್ರತಿಮಾಡುವ ಪಂಡಿತನೂ ವ-ಮ, ಪ-ಷಗಳಂತಹ ಸಮರೂಪಗಳಲ್ಲಿ ತಪ್ಪಬಹುದು. ಒಂದೇ ಪದ ಎರಡು ಸಾಲುಗಳಲ್ಲಿದ್ದರೆ ನಡುವಣ ಸಾಲನ್ನೇ ಬಿಡಬಹುದು. ಶಕವರ್ಷದ ದಶಕಸ್ಥಾನದಲ್ಲಿ ೬ ಎಂಬುದು ೯ ಆದರೆ ಮೂವತ್ತು ವರ್ಷ ವ್ಯತ್ಯಾಸವಾಗಿ, ದಾನವು ಬೇರೊಬ್ಬ ಅರಸನ ಕಾಲಕ್ಕೆ ಸೇರಿಹೋಗುತ್ತದೆ. ಪಡಿಯಚ್ಚಿನ ಹಿರಿಮೆ ಇರುವುದು ಇಲ್ಲಿ: ಅದು ಸ್ಮೃತಿಯ ಮಧ್ಯಸ್ಥಿಕೆಯಿಲ್ಲದೆ ಕಲ್ಲನ್ನೇ ಕಾಗದಕ್ಕಿಳಿಸುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿರುವುದರಿಂದ ಅದರ ಪಾಠವನ್ನು ಇಂದಿಗೂ ಒರೆಗೆ ಹಚ್ಚಬಹುದು. ಕಲ್ಲೇ ನಾಶವಾಗಿ ಕೈಪ್ರತಿ ಮಾತ್ರ ಉಳಿದಿರುವೆಡೆ ಆ ಅವಕಾಶವಿಲ್ಲ.

ಪ್ರಯೋಗಶಾಲೆಯ ಮಂಗದಿಂದ ಶಾಸನಪಂಡಿತನವರೆಗಿನ ದಾರಿ ದೀರ್ಘವಾದುದು. ಯಾವ ನಿರ್ದಿಷ್ಟ ದೋಷವನ್ನೂ ಈ ಶಾಸ್ತ್ರವು ತಾನಾಗಿ ತಿದ್ದಿಕೊಡಲಾರದು. ಆದರೆ ಎರಡು ವಿವೇಕಗಳನ್ನು ಇದು ಕಲಿಸುತ್ತದೆ: ಕೇವಲ ಕಣ್ಣಳತೆಯ ಪ್ರತಿಯೊಂದನ್ನೇ ನಂಬಿ ರಾಜವಂಶದ ಕಾಲಗಣನೆಯನ್ನು ಕಟ್ಟಬಾರದು, ಒಂದಕ್ಷರ ತಪ್ಪಿದನೆಂದು ಪ್ರತಿಕಾರನನ್ನು ಅಜ್ಞಾನಿಯೆಂದು ಜರೆಯಲೂ ಬಾರದು.